ಮಕ್ಕಳ ಫಾರಿನ್ ಟ್ರಿಪ್‌ಗೆ ಅಂತ ತರಿಸಿದ ಮೆಡಿಕಲ್ ಕಿಟ್: ಡಬ್ಬ ಚಂದ ಇದೆ, ಒಳಗಡೆದು ಕೇಳ್ಬೇಡಿ

ಐದಕ್ಕೆ ಎರಡು ಸ್ಟಾರ್ ಕೊಟ್ಟಿದೀನಿ. ಒಂದು ಥರ್ಮಾಮೀಟರ್‌ಗೆ, ಇನ್ನೊಂದು ಡಬ್ಬದ ಜಿಪ್‌ಗೆ. ಜಿಪ್ ನಿಜವಾಗ್ಲೂ ಗಟ್ಟಿ ಇದೆ, ನನ್ನ ಎರಡೂವರೆ ವರ್ಷದ ಮಗನ ಕೈಲಿ ತೆಗೆಯಕ್ಕಾಗಲ್ಲ, ಅದೇ ದೊಡ್ಡ ವಿಷಯ.

ನಮ್ಮದು ಕೊಡಗಿನ ಗೋಣಿಕೊಪ್ಪದ ಹತ್ರ ತೋಟ. ಯಜಮಾನ್ರ ತಂಗಿ ಮನೆಯವರು ಕೀನ್ಯಾದ ನೈರೋಬಿಲಿ ಇದಾರೆ, ಮೂರು ವರ್ಷದಿಂದ ಕರೀತಾನೇ ಇದ್ರು. ಡಿಸೆಂಬರ್ ಬಂದ್ರೆ ಕಾಫಿ ಕುಯ್ಯೋ ಕೆಲಸ, ಏಪ್ರಿಲ್-ಮೇನಲ್ಲಿ ಅಲ್ಲಿ ಜೋರು ಮಳೆಯಂತೆ, ಹಾಗಾಗಿ 2025ರ ದಸರಾ ರಜೆಗೆ ಅಂತ ಗಟ್ಟಿ ಮಾಡಿದ್ವಿ. ಮಡಿಕೇರಿ ದಸರಾದ ದಶಮಂಟಪ ಮೆರವಣಿಗೆ ತಪ್ಪೋಯ್ತು ಅಂತ ಮಗಳು ಇವತ್ತಿಗೂ ಹೇಳ್ತಾಳೆ, ಅವಳಿಗೆ ಆರು ವರ್ಷ, ಸಿಂಹ ನೋಡಿದ್ದು ಲೆಕ್ಕಕ್ಕಿಲ್ಲ, ಮಂಟಪ ನೋಡ್ಲಿಲ್ಲ ಅನ್ನೋದೇ ಲೆಕ್ಕ. ಮಕ್ಕಳನ್ನ ಕರ್ಕೊಂಡು ಅಷ್ಟು ದೂರ ಹೋಗೋದು ಅಂತ ಹೆದರಿ ಆಗಸ್ಟಲ್ಲೇ ಈ ಕಿಟ್ ಆರ್ಡರ್ ಮಾಡಿದೆ, 1,899 ರೂಪಾಯಿ. ಜೊತೆಗೆ ಎಲ್ಲಾ ಅಂದ್ರೆ ಎಲ್ಲಾ ಇದೆ, ಅಮ್ಮಂದಿರು ನಿಶ್ಚಿಂತೆಯಿಂದ ಇರಬಹುದು ಅಂತ ಫೋಟೋ ಕೆಳಗೆ ಬರ್ದಿದ್ರು. ಆಗಸ್ಟ್ ಮಳೇಲಿ ನಾಲ್ಕು ದಿನಕ್ಕೆ ಬರ್ಬೇಕಾದ ಕಿಟ್ ಹನ್ನೊಂದು ದಿನಕ್ಕೆ ಬಂತು, ಅದಕ್ಕೆ ನಾನು ಸ್ಟಾರ್ ಕಳೀಲಿಲ್ಲ, ನಮ್ಮ ಕಡೆ ಆಗಸ್ಟಲ್ಲಿ ಕರೆಂಟೇ ಮೂರು ದಿನಕ್ಕೊಂದ್ಸಲ ಬರುತ್ತೆ, ಕೊರಿಯರ್ ಹುಡುಗ ಪಾಪ ಎಂತ ಮಾಡ್ತಾನೆ.

ಡಬ್ಬ ತಗೊಂಡು ವಿರಾಜಪೇಟೆಲಿ ನಮ್ಮ ಮಕ್ಕಳ ಡಾಕ್ಟ್ರ ಹತ್ರ ಹೋದೆ, ಶಹಬ್ಬಾಸ್ ಅಂತಾರೆ ಅಂದ್ಕೊಂಡು. ಅವರು ಒಂದೊಂದೇ ತೆಗ್ದು ಮೇಜಿನ ಮೇಲೆ ಇಟ್ರು, ಆಮೇಲೆ ಅರ್ಧಕ್ಕೂ ಹೆಚ್ಚು ಎಡಗಡೆ ತಳ್ಳಿದ್ರು. ಎಡಗಡೆದು ಮನೇಲೇ ಬಿಟ್ಟೋಗಿ ಅಂದ್ರು.

ಮೊದಲು ತಳ್ಳಿದ್ದು ಪ್ಯಾರಾಸಿಟಮಾಲ್ ಸ್ಟ್ರಿಪ್. ಮಕ್ಕಳ ಕಿಟ್ ಅಂತ ಹೇಳಿ 650ರ ಮಾತ್ರೆ ಇಟ್ಟಿದಾರೆ ಮಾರಾಯ್ರೆ! ಮಗನ ತೂಕ 12 ಕೆಜಿ. ಡಾಕ್ಟ್ರು ಲೆಕ್ಕ ಹಾಕಿ ತೋರಿಸಿದ್ರು, ಒಂದು ಕೆಜಿಗೆ 15 ಮಿಲಿಗ್ರಾಂ, ಅಂದ್ರೆ ಇವನಿಗೆ ಒಂದ್ಸಲಕ್ಕೆ 180 ಮಿಲಿಗ್ರಾಂ. ಸಿರಪ್‌ನಲ್ಲೂ ಎರಡು ಥರ ಇದೆ, 5 ಎಂಎಲ್‌ಗೆ 120 ಇರೋದು ಒಂದು, 250 ಇರೋದು ಇನ್ನೊಂದು. ಮೊದಲನೇದಾದ್ರೆ ಏಳೂವರೆ ಎಂಎಲ್, ಎರಡನೇದಾದ್ರೆ 3.6 ಎಂಎಲ್. ಬಾಟ್ಲಿ ನೋಡಕ್ಕೆ ಎರಡೂ ಒಂದೇ ಥರ, ರಾತ್ರಿ ಎರಡು ಗಂಟೆಗೆ ಜ್ವರ ಸುಡ್ತಿರೋ ಮಗು ಎತ್ಕೊಂಡು ನಿಂತಿರುವಾಗ ಯಾರಿಗೆ ಈ ಲೆಕ್ಕ ಹೊಳೆಯುತ್ತೆ ಹೇಳಿ. ಅದಕ್ಕೆ ಅವರೇ ಒಂದು ಚೀಟಿಲಿ ಎರಡೂ ಮಕ್ಕಳ ಹೆಸರು, ತೂಕ, ಯಾವ ಸಿರಪ್ ಎಷ್ಟು ಎಂಎಲ್, ಎಷ್ಟು ಗಂಟೆ ಬಿಟ್ಟು ಅಂತ ಬರ್ದು ಸೀಲ್ ಹೊಡ್ದು ಕೊಟ್ರು. ಸಿರಿಂಜ್ ತಗೊಳ್ಳಿ, ಚಮಚ ನಂಬ್ಬೇಡಿ ಅಂದ್ರು. ಕಿಟ್‌ನಲ್ಲಿ ಸಿರಿಂಜೂ ಇಲ್ಲ, ಅಳತೆ ಮುಚ್ಚಳಾನೂ ಇಲ್ಲ. ಇಡೀ ಟ್ರಿಪ್‌ನಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದಿದ್ದು ಆ ಚೀಟಿ, ಅದು 1,899ರಲ್ಲಿ ಇರ್ಲಿಲ್ಲ.

ಭೇದಿ ನಿಲ್ಲಿಸೋ ಮಾತ್ರೆನೂ ಇಟ್ಟಿದ್ರು, ದೊಡ್ಡವರು ನುಂಗೋದು, ಲೋಪೆರಮೈಡ್. ಅದನ್ನ ಡಾಕ್ಟ್ರು ತಳ್ಳಲೂ ಇಲ್ಲ, ಸೀದಾ ಕಸದ ಬುಟ್ಟಿಗೆ ಹಾಕಿದ್ರು. ಚಿಕ್ಕ ಮಕ್ಕಳ ಕರುಳಿನ ಜೊತೆ ಆಟ ಆಡೋ ಮಾತ್ರೆ ಅದು ಅಂದ್ರು.

ಕಿಟ್ ಜೊತೆ ಬಂದ ಪುಸ್ತಕದಲ್ಲಿ ವ್ಯಾಕ್ಸಿನ್ ಬಗ್ಗೆ ಒಂದೇ ಲೈನು, ವೈದ್ಯರನ್ನ ಸಂಪರ್ಕಿಸಿ ಅಂತ. ಅದನ್ನ ನಂಬ್ಕೊಂಡು ಕೊನೇ ವಾರ ಹೋಗಿದ್ರೆ ಗತಿ ಏನು. ಹಳದಿ ಜ್ವರದ ಲಸಿಕೆ ಹಾಕಿಸ್ಬೇಕು, ಹಾಕಿಸಿ ಹತ್ತು ದಿನ ಆದ್ಮೇಲೇ ಆ ಸರ್ಟಿಫಿಕೇಟ್‌ಗೆ ಬೆಲೆ. ತಮಾಷೆ ಏನಪ್ಪಾ ಅಂದ್ರೆ ಇಂಡಿಯಾದಿಂದ ನೇರ ಹೋಗೋರನ್ನ ಕೀನ್ಯಾದವರು ಅದನ್ನ ಕೇಳಲ್ಲ, ಅಲ್ಲಿಂದ ವಾಪಸ್ ಬರುವಾಗ ನಮ್ಮವರೇ ಕೇಳೋದು, ಇಲ್ಲಾಂದ್ರೆ ಆರು ದಿನದವರೆಗೆ ಕ್ವಾರಂಟೈನ್‌ನಲ್ಲಿ ಕೂರಿಸ್ತಾರೆ. ಎಲ್ಲಾ ಆಸ್ಪತ್ರೇಲೂ ಹಾಕಲ್ಲ, ಸರ್ಕಾರದ ಮಾನ್ಯತೆ ಇರೋ ಸೆಂಟರೇ ಆಗ್ಬೇಕು, ನಾವು ಆಗಸ್ಟ್ ಕೊನೇಲಿ ಬೆಂಗಳೂರಿಗೆ ಹೋಗಿ ನಾಲ್ಕು ಜನಾನೂ ಹಾಕಿಸ್ಕೊಂಡ್ವಿ. ಒಂದ್ಸಲ ಹಾಕಿದ್ರೆ ಜೀವನ ಪೂರ್ತಿ ನಡೆಯುತ್ತಂತೆ, ಹತ್ತು ವರ್ಷಕ್ಕೊಂದ್ಸಲ ಅನ್ನೋ ರೂಲ್ 2016ರಲ್ಲೇ ಹೋಯ್ತು. ಒಂಬತ್ತು ತಿಂಗಳು ತುಂಬದ ಮಗು ಇದ್ರೆ ಹಾಕಲ್ಲ, ಮೊಟ್ಟೆ ಅಲರ್ಜಿ ಇದ್ರೆ ಮೊದಲೇ ಹೇಳ್ಬೇಕು. ಮಗಳದು ದಡಾರ, ಮಂಗನಬಾವು, ರುಬೆಲ್ಲಾಗೆ ಹಾಕೋ ಎಂಎಂಆರ್ ಲಸಿಕೆ ಒಂದು ಡೋಸ್ ಬಾಕಿ ಇತ್ತು, ಎರಡೂ ಜೀವಂತ ಲಸಿಕೆ ಆದ್ರಿಂದ ನಾಲ್ಕು ವಾರ ಬಿಟ್ಟು ಹಾಕ್ಸೋಣ ಅಂತ ಡಾಕ್ಟ್ರು ಬಂದ್ಮೇಲಕ್ಕೆ ಬರ್ದಿಟ್ಕೊಂಡ್ರು. ಹೆಪಟೈಟಿಸ್ ಎ, ಟೈಫಾಯ್ಡ್ ಮೊದಲೇ ಆಗಿತ್ತು.

ಮಲೇರಿಯಾಗೆ ವಾರಕ್ಕೊಂದು ಮಾತ್ರೆ, ತೂಕ ನೋಡಿ ತುಂಡು ಮಾಡಿ ಕೊಡೋದು, ಹೋಗೋ ಎರಡು ವಾರ ಮುಂಚೆ ಶುರು, ಬಂದ್ಮೇಲೂ ನಾಲ್ಕು ವಾರ ನಿಲ್ಲಿಸೋ ಹಾಗಿಲ್ಲ. ನೈರೋಬಿ ಊರೊಳಗೆ ಭಯ ಕಡಿಮೆ, ನಮ್ಮ ಮಡಿಕೇರಿಗಿಂತ ಎತ್ತರದಲ್ಲಿದೆ ಅದು, ಹತ್ರ ಹತ್ರ 1,800 ಮೀಟರ್, ಸ್ವೆಟರ್ ಹಾಕ್ಕೊಂಡೇ ಓಡಾಡಿದ್ವಿ. ಆದ್ರೆ ನಾವು ಮೊಂಬಾಸಾ ಕಡೆ ಸಮುದ್ರಕ್ಕೂ ಹೋಗೋರಿದ್ವಲ್ಲ, ಅಲ್ಲಿ ಮಲೇರಿಯಾ ಇದ್ದೇ ಇದೆ. ಮಾತ್ರೆ ಬೇವಿನ ಅಜ್ಜಿ ಅಷ್ಟು ಕಹಿ, ಪುಡಿ ಮಾಡಿ ನಮ್ಮ ತೋಟದ ಜೇನಲ್ಲಿ ಕಲ್ಸಿ ಕೊಡ್ಲಾ ಅಂತ ಕೇಳಿದ್ದಕ್ಕೆ ಇಬ್ಬರಿಗೂ ವರ್ಷ ದಾಟಿದೆಯಲ್ಲ, ಕೊಡಿ, ವರ್ಷದೊಳಗಿನ ಕೂಸಿಗೆ ಮಾತ್ರ ಜೇನು ನೆಕ್ಕಿಸ್ಬೇಡಿ ಅಂದ್ರು. ನಮ್ಮಲ್ಲಿ ಹುಟ್ಟಿದ ದಿನಾನೇ ನೆಕ್ಕಿಸೋರು ಇದಾರೆ, ಯಾರಿಗೆ ಹೇಳೋದು.

ಇನ್ನೊಂದು ವಿಷಯ, ಕಿಟ್‌ಗೆ ಸಂಬಂಧ ಇಲ್ಲ, ಆದ್ರೂ ಹೇಳ್ತೀನಿ. ನಮ್ಮ ಫ್ಲೈಟ್ ದುಬೈ ಮೇಲೆ ಇತ್ತು. ಅತ್ತೆಯವರು ತಮ್ಮ ಮಗಳಿಗೆ ಅಂತ ಗಸಗಸೆ ಹಾಕಿದ ಮಸಾಲೆಪುಡಿ ಅರ್ಧ ಕೆಜಿ ಕಟ್ಟಿಟ್ಟಿದ್ರು. ನಾದಿನಿ ಫೋನಲ್ಲಿ ಕೇಳಿ ಕಿರುಚಿದ್ಲು, ಅತ್ತಿಗೆ ದುಬೈಲಿ ಗಸಗಸೆ ಬ್ಯಾನು, ಸುಮ್ನೆ ಸಿಕ್ಕಾಕೊಳ್ತೀರ ಅಂತ. ಔಷಧಿಗಳಿಗೂ ಡಾಕ್ಟ್ರ ಚೀಟಿ ಜೊತೆಲೇ ಇಟ್ಕೊಳ್ಳಿ, ಕೆಮ್ಮಿನ ಸಿರಪ್‌ನಲ್ಲಿ ಕೊಡೀನ್ ಇದ್ರೆ ತರಲೇಬೇಡಿ ಅಂದ್ಲು. ಈ ಕಿಟ್ ಮಾಡೋರು ಇದನ್ನೆಲ್ಲಾ ಪುಸ್ತಕದಲ್ಲಿ ಹಾಕೋದು ಬಿಟ್ಟು ಎಂಟು ಪೇಜ್ ಪೂರ್ತಿ ವಿಮಾನಕ್ಕೆ ಬಣ್ಣ ತುಂಬೋ ಚಿತ್ರ ಕೊಟ್ಟಿದಾರೆ.

ಸೊಳ್ಳೆಗೆ ಅಂತ ಇರೋದು ಕೈಗೆ ಕಟ್ಟೋ ಬ್ಯಾಂಡ್, ಹೂವಿನ ವಾಸನೆ ಬರೋದು. ತೋಟದಲ್ಲೇ ಒಂದು ಸಂಜೆ ಟೆಸ್ಟ್ ಮಾಡಿದ್ವಿ, ಬ್ಯಾಂಡ್ ಇರೋ ಕೈಯಲ್ಲೇ ಮೊಣಕೈ ಹತ್ರ ಕಚ್ಚಿತ್ತು. ಡಾಕ್ಟ್ರು ಹೇಳಿದ್ದು ಡೀಟ್ ಅನ್ನೋ ಸೊಳ್ಳೆ ಓಡಿಸೋ ಕೆಮಿಕಲ್ ಇರೋ ಸ್ಪ್ರೇ, 30 ಪರ್ಸೆಂಟ್ ಮೀರಬಾರದು, ಅಂಗೈಗೆ ಹಚ್ಬೇಡಿ ಮಕ್ಕಳು ಬಾಯಿಗೆ ಹಾಕ್ತವೆ, ಸನ್‌ಸ್ಕ್ರೀನ್ ಮೊದಲು ಆಮೇಲೆ ಇದು. ನಮ್ಮ ಒಡೋಮಾಸ್‌ನಲ್ಲಿ ಇರೋದು ಡೀಟ್ ಅಲ್ಲ, ಬೇರೆದು, ನಂಗೆ ಅಲ್ಲೀವರೆಗೂ ಗೊತ್ತೇ ಇರ್ಲಿಲ್ಲ.

ಈಗ ಮೊಂಬಾಸಾ ಕಥೆ. ಅಲ್ಲಿ ಬೀದಿ ಬದಿ ಮಾವಿನಕಾಯಿ ಹೆಚ್ಚಿ ಉಪ್ಪು ಖಾರ ಹಾಕಿ ಮಾರ್ತಾರೆ, ಥೇಟ್ ನಮ್ಮ ಥರಾನೇ. ಸಿಪ್ಪೆ ಸುಲಿದು ನಾವೇ ತಿನ್ನೋ ಹಣ್ಣು ಬಿಟ್ಟು ಹೆಚ್ಚಿಟ್ಟಿದ್ದು ಕೊಡ್ಬೇಡಿ ಅಂತ ಡಾಕ್ಟ್ರು ಸಾವಿರ ಸಲ ಹೇಳಿದ್ರು, ಅಪ್ಪ-ಮಗ ನನ್ನ ಕಣ್ಣು ತಪ್ಪಿಸಿ ತಿಂದಿದಾರೆ. ರಾತ್ರಿ ಹನ್ನೊಂದಕ್ಕೆ ಮಗನಿಗೆ ಭೇದಿ ಶುರು ಆಯ್ತು, ಬೆಳಗ್ಗೆವರೆಗೆ ಏಳು ಸಲ, ಎರಡು ಸಲ ವಾಂತಿ. ಕಿಟ್‌ನಲ್ಲಿ ಓಆರ್‌ಎಸ್ ಅಂತ ದೊಡ್ಡದಾಗಿ ಬರ್ದಿರೋ ಎರಡು ಪ್ಯಾಕ್ ಜ್ಯೂಸ್ ಇತ್ತು, ಸೇಬಿನ ರುಚಿ, ಅದನ್ನೂ ಡಾಕ್ಟ್ರು ಎಡಗಡೆ ತಳ್ಳಿದ್ರು, ನಾನೇ ಆಸೆ ಪಟ್ಟು ತಂದಿದ್ದೆ. ಹಿಂದ್ಗಡೆ ಓದಿದ್ರೆ ಸಕ್ಕರೆ ಮೇಲೆ ಸಕ್ಕರೆ. ಸಕ್ಕರೆ ಜಾಸ್ತಿ ಆದ್ರೆ ಕರುಳಿಗೆ ಇನ್ನೂ ನೀರು ಎಳೆದು ಭೇದಿ ಜಾಸ್ತಿ ಆಗುತ್ತೆ ಅಂತ ಅವರು ಹೇಳಿದ್ದು ನೆನಪಾಗಿ ಪಕ್ಕಕ್ಕಿಟ್ಟೆ. ಪುಣ್ಯಕ್ಕೆ ಗೋಣಿಕೊಪ್ಪದ ಮೆಡಿಕಲ್‌ನಿಂದ ಪುಡಿ ಪ್ಯಾಕೆಟ್ ಹತ್ತು ತಗೊಂಡಿದ್ದೆ, ಡಬ್ಲ್ಯೂಎಚ್‌ಒ ಫಾರ್ಮುಲಾ ಅಂತ ಬರ್ದಿರೋದು, ಒಂದು ಲೀಟರ್ ನೀರಿಗೆ ಒಂದು ಪೂರ್ತಿ ಪ್ಯಾಕೆಟ್. ಅರ್ಧ ಪ್ಯಾಕೆಟ್ ಲೋಟಕ್ಕೆ ಹಾಕೋ ಬುದ್ಧಿವಂತಿಕೆ ಮಾಡ್ಬೇಡಿ, ಉಪ್ಪಿನ ಲೆಕ್ಕ ತಪ್ಪುತ್ತೆ. ಸೀಲ್ ಇರೋ ಬಾಟ್ಲಿ ನೀರಲ್ಲಿ ಕಲ್ಸಿ, ವಾಂತಿ ಆದ್ಮೇಲೆ ಹತ್ತು ನಿಮಿಷ ಸುಮ್ನಿದ್ದು, ಎರಡು ಮೂರು ನಿಮಿಷಕ್ಕೊಂದು ಚಮಚ, ರಾತ್ರಿ ಪೂರ್ತಿ. ಕೂತು ಕೂತು ಸೊಂಟ ಬಿದ್ದೋಯ್ತು. ಜೊತೆಗೆ ಝಿಂಕ್ 20 ಮಿಲಿಗ್ರಾಂ ದಿನಕ್ಕೊಂದ್ಸಲ, ಅದು ಭೇದಿ ನಿಂತ್ಮೇಲೂ ಹದಿನಾಲ್ಕು ದಿನ ಪೂರ್ತಿ ಮಾಡ್ಬೇಕು. ಉಚ್ಚೆ ಹೋಗ್ತಿದಾನಾ, ಕಣ್ಣು ಗುಳಿ ಬಿತ್ತಾ, ರಕ್ತ ಏನಾದ್ರೂ ಬರ್ತಿದೆಯಾ, ಇಷ್ಟು ನೋಡ್ತಾ ಕೂತೆ. ಮಧ್ಯಾಹ್ನಕ್ಕೆ ಎದ್ದು ಅನ್ನ ಕೇಳ್ದ.

ಬೆಳಗ್ಗೆ ಯಜಮಾನ್ರು ಇನ್ನಷ್ಟು ಪ್ಯಾಕೆಟ್ ಹುಡ್ಕೊಂಡು ಹೋದ್ರು. ಅಲ್ಲಿ ಮೆಡಿಕಲ್ ಶಾಪ್‌ಗೆ ದುಕಾ ಲ ದಾವಾ ಅಂತಾರೆ. ದುಕಾನು, ದವಾ, ಎಲ್ಲೋ ಕೇಳಿದ ಹಾಗಿದೆಯಲ್ಲ! ನಮ್ಮ ದವಾಖಾನೆಯ ನೆಂಟರೇ.

ನಾವು ಬಂದ ಮುಂದಿನ ವಾರಾನೇ ನ್ಯೂಸಲ್ಲಿ ಬಂತು, ಡಬ್ಲ್ಯೂಎಚ್‌ಒ ಫಾರ್ಮುಲಾ ಪ್ರಕಾರ ಇಲ್ಲದ ಡ್ರಿಂಕ್‌ಗಳ ಹೆಸರಲ್ಲಿ ಓಆರ್‌ಎಸ್ ಅನ್ನೋ ಪದ ಹಾಕೋ ಹಾಗಿಲ್ಲ ಅಂತ ಆಹಾರ ಸುರಕ್ಷತೆ ನೋಡ್ಕೊಳ್ಳೋ ಎಫ್‌ಎಸ್‌ಎಸ್‌ಎಐ ಆದೇಶ ಮಾಡಿದೆ ಅಂತ. ಹೈದರಾಬಾದಿನ ಮಕ್ಕಳ ಡಾಕ್ಟ್ರು ಶಿವರಂಜನಿ ಸಂತೋಷ್ ಇದಕ್ಕೋಸ್ಕರ ವರ್ಷಗಟ್ಟಲೆ ಹೋರಾಡಿದಾರೆ. ಆ ನ್ಯೂಸ್ ನೋಡಿ ಡಬ್ಬ ಮಾರಿದವರಿಗೆ ಮೆಸೇಜ್ ಹಾಕಿದೆ, ಪ್ಯಾಕ್ ಬದಲಾಯಿಸಿ ಅಂತ. ನಿಮ್ಮ ಪ್ರೀತಿಗೆ ಧನ್ಯವಾದ, ಮತ್ತೆ ಶಾಪಿಂಗ್ ಮಾಡಿ ಅಂತ ಉತ್ತರ ಬಂತು, ಜೊತೆಗೆ ಹತ್ತು ಪರ್ಸೆಂಟ್ ಕೂಪನ್ನು. ಎಂತ ಹೇಳೋದು.

ಉಳಿದಿದ್ದು ಬೇಗ ಹೇಳಿ ಮುಗಿಸ್ತೀನಿ. ಕತ್ತರಿ ಏರ್‌ಪೋರ್ಟ್ ಸೆಕ್ಯುರಿಟಿಲಿ ಹೋಯ್ತು. ಕಾರ್ಟೂನ್ ಪ್ಲಾಸ್ಟರ್ ಹತ್ತೂ ಮಗಳ ಗೊಂಬೆಗೆ ಹೋಯ್ತು. ವಾಂತಿ ಕವರ್ ಕೊಟ್ಟಿಲ್ಲ, ಸಂಪಾಜೆ ಘಾಟಿ ಇಳಿದು ಅಭ್ಯಾಸ ಇರೋ ಮಕ್ಕಳೂ ಮಸಾಯಿ ಮಾರಾ ಸಫಾರಿಯ ಮಣ್ಣು ರಸ್ತೇಲಿ ವಾಂತಿ ಮಾಡಿದ್ವು. ಅದಕ್ಕೆ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ತಗೊಂಡೋಗೋಣ ಅಂದ್ರೆ ಕೀನ್ಯಾದಲ್ಲಿ 2017ರಿಂದ ಬ್ಯಾನು, ಪೇಪರ್ ಕವರ್ ಇಟ್ಕೊಳ್ಳಿ.

ಸಿರಪ್, ಸಿರಿಂಜ್, ಓಆರ್‌ಎಸ್, ಝಿಂಕ್ ಎಲ್ಲಾ ಸೇರಿ ಗೋಣಿಕೊಪ್ಪದ ಬಿಲ್ಲು ಆಗಿದ್ದು 540 ರೂಪಾಯಿ. ಕಿಟ್ ತಗೊಳ್ಳಲೇಬೇಕು ಅನ್ನೋರು ಡಿಸ್ಕೌಂಟಲ್ಲಿ ಬಂದಾಗ ಖಾಲಿ ಡಬ್ಬಕ್ಕೆ ಅಂತ ತಗೊಳ್ಳಿ.

ಥರ್ಮಾಮೀಟರ್ ಮಾತ್ರ ಸುಳ್ಳು ಹೇಳಲ್ಲ. ಬಂದು ಮೂರು ವಾರಕ್ಕೆ ಮಗಳಿಗೆ ಜ್ವರ, 102 ತೋರಿಸ್ತು. ನಮ್ಮ ಕಡೆ ಮಳೆ ಮುಗಿಯೋ ಟೈಮಿಗೆ ಎಲ್ಲಾ ಮಕ್ಕಳಿಗೂ ಜ್ವರ, ಸ್ಕೂಲಲ್ಲಿ ಅರ್ಧ ಕ್ಲಾಸ್ ಖಾಲಿ, ಆದ್ರೂ ಡಾಕ್ಟ್ರ ಹತ್ರ ಹೋಗಿ ಮೊದಲ ಮಾತೇ ಕೀನ್ಯಾಕ್ಕೆ ಹೋಗಿದ್ವಿ ಅಂತ ಹೇಳ್ದೆ. ತಿಂಗಳುಗಟ್ಟಲೆ ಆದ್ಮೇಲೂ ಮಲೇರಿಯಾ ಕಾಣಿಸ್ಕೋಬಹುದು, ಮಾತ್ರೆ ತಗೊಂಡ್ರೂನೂ, ಅಂತ ಅವತ್ತೇ ರಕ್ತ ಟೆಸ್ಟ್ ಮಾಡಿಸಿದ್ರು. ನೆಗೆಟಿವ್ ಬಂತು, ಸಾದಾ ವೈರಲ್ಲು, ಮೂರು ದಿನಕ್ಕೆ ಹೋಯ್ತು. ಥರ್ಮಾಮೀಟರ್ ಸೆಲ್ ಅಷ್ಟರಲ್ಲಿ ಮುಗೀತು, ಎಲ್‌ಆರ್ 41 ಅಂತ ಕೇಳಿ, ವಾಚ್ ಅಂಗಡೀಲಿ ಸಿಗುತ್ತೆ.