ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ: ಮನೆ ಬನಶಂಕರಿಯಲ್ಲೋ, ಕೆಂಗೇರಿಯಲ್ಲೋ?

2025ರ ಆಗಸ್ಟ್‌ನಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಬೆಂಗಳೂರು ಮೆಟ್ರೋದ ಹಳದಿ ಮಾರ್ಗ ಶುರುವಾದ ಮೇಲೆ ಲೆಕ್ಕ ಬದಲಾಗಿದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಬಸ್ಸೊಳಗೆ ಬೆವರುವ ಕಷ್ಟ ಈಗ ಇಲ್ಲ, ರೈಲು ಅದರ ಮೇಲೆಯೇ ಹೋಗುತ್ತದೆ.

ಕೆಂಗೇರಿಯಿಂದ ಹೊರಟರೆ ಎರಡು ಬಾರಿ ಇಳಿದು ಹತ್ತಬೇಕು. ಮೆಜೆಸ್ಟಿಕ್‌ನಲ್ಲಿ ನೇರಳೆಯಿಂದ ಹಸಿರಿಗೆ, ಆರ್.ವಿ. ರೋಡ್‌ನಲ್ಲಿ ಹಸಿರಿನಿಂದ ಹಳದಿಗೆ. ಬೆಳಿಗ್ಗೆ ಮೆಜೆಸ್ಟಿಕ್‌ನ ನೂಕುನುಗ್ಗಲು ನೋಡಿದವರಿಗೆ ಇದರ ಅರ್ಥ ಗೊತ್ತು. 25 ಕಿ.ಮೀ. ದಾಟುವುದರಿಂದ, 2025ರ ಫೆಬ್ರವರಿಯ ದರದಂತೆ ಒಂದು ಕಡೆಗೇ 90 ರೂಪಾಯಿ. ತಿಂಗಳಿಗೆ ಕೂಡಿಸಿ ನೋಡಿ, ಬಾಡಿಗೆಯಲ್ಲಿ ಉಳಿಸಿದ್ದು ಎಷ್ಟು ಕರಗುತ್ತದೆ ಅಂತ.

ಬನಶಂಕರಿಯಿಂದ ಆರ್.ವಿ. ರೋಡ್ ಒಂದೇ ನಿಲ್ದಾಣ. ಅಲ್ಲಿ ಒಮ್ಮೆ ಬದಲಿಸಿದರೆ ಮುಗಿಯಿತು. ಮೆಟ್ರೋ ಕೈಕೊಟ್ಟರೂ ಪಕ್ಕದಲ್ಲೇ ದೊಡ್ಡ ಬಸ್ ನಿಲ್ದಾಣವಿದೆ. ಬಾಡಿಗೆ ಜಾಸ್ತಿ, ನಿಜ. ಆದರೂ ದಿನಾ ಓಡಾಡುವವರಿಗೆ ನನ್ನ ಓಟು ಬನಶಂಕರಿಗೇ.

ವಾರಕ್ಕೆ ಎರಡೇ ದಿನ ಆಫೀಸು ಅಂದ್ರೆ ಕೆಂಗೇರಿ ಸಾಕು. ಹೆಂಗಸರು ಇನ್ನೊಂದು ಲೆಕ್ಕ ಹಾಕಬಹುದು: ಶಕ್ತಿ ಯೋಜನೆಯ ಉಚಿತ ಪ್ರಯಾಣ ಬಸ್ಸಿಗೆ ಮಾತ್ರ, ಮೆಟ್ರೋಗೆ ಇಲ್ಲ. ಅಡ್ವಾನ್ಸ್ ಕೊಡುವ ಮುಂಚೆ ಒಂದು ಸೋಮವಾರ ಬೆಳಿಗ್ಗೆ ಆ ಮನೆಯಿಂದ ಆಫೀಸಿಗೆ ಸುಮ್ನೆ ಹೋಗಿ ನೋಡಿ.