ಹತ್ತು ರೂಪಾಯಿಯ ಅರ್ಜಿ: ಮಾಹಿತಿ ಹಕ್ಕು ಸೇವೆ ಎಲ್ಲಿ ಕೈ ಹಿಡಿಯುತ್ತದೆ, ಎಲ್ಲಿ ಕೈ ಬಿಡುತ್ತದೆ

ಸರ್ಕಾರಿ ಕಚೇರಿಯ ಕಿಟಕಿಯಲ್ಲಿ ಕೇಳಿಬರುವ ಮೊದಲ ಪ್ರಶ್ನೆ ‘ನಿಮಗ್ಯಾಕೆ ಅದು?’ ಎಂಬುದು. 2005ರ ಮಾಹಿತಿ ಹಕ್ಕು ಕಾಯ್ದೆಯ 6(2)ನೇ ಕಲಂ ಆ ಪ್ರಶ್ನೆಯ ಬಾಯಿಯನ್ನೇ ಕಟ್ಟಿದೆ. ಅರ್ಜಿದಾರ ಕಾರಣ ಹೇಳಬೇಕಿಲ್ಲ, ಸಂಪರ್ಕಕ್ಕೆ ಬೇಕಾದಷ್ಟು ವಿವರ ಕೊಟ್ಟರೆ ಸಾಕು. ಪ್ರಜೆ ಕೇಳಬಹುದು, ಆಡಳಿತ ತೋರಿಸಬೇಕು ಎಂಬ ಹಳೆಯ ತತ್ವ ಈ ಒಂದು ಸಾಲಿನಲ್ಲಿ ಕೆಲಸಕ್ಕೆ ಇಳಿದಿದೆ. ಈ ಸೇವೆಯ ಅತ್ಯುತ್ತಮ ಗುಣ ಯಾವುದೆಂದರೆ ಇದೇ.

ಮಾತಿನ ಸ್ವಾತಂತ್ರ್ಯಕ್ಕೂ ಇದಕ್ಕೂ ನೇರ ನಂಟಿದೆ. 1975ರ ರಾಜ್ ನಾರಾಯಣ್ ಪ್ರಕರಣದಲ್ಲಿ, ಸಾರ್ವಜನಿಕ ಅಧಿಕಾರಿಗಳು ಸಾರ್ವಜನಿಕವಾಗಿ ಮಾಡುವ ಪ್ರತಿ ಕೆಲಸವನ್ನೂ ತಿಳಿಯುವ ಹಕ್ಕು ಜನರಿಗಿದೆ ಎಂದು ನ್ಯಾಯಮೂರ್ತಿ ಕೆ.ಕೆ. ಮ್ಯಾಥ್ಯೂ ಬರೆದರು. ಆ ಹಕ್ಕಿನ ಬೇರು ಸಂವಿಧಾನದ 19(1)(ಎ) ವಿಧಿಯ ವಾಕ್ ಸ್ವಾತಂತ್ರ್ಯದಲ್ಲಿದೆ ಎಂದು ಸುಪ್ರೀಂ ಕೋರ್ಟ್ ಮುಂದೆಯೂ ಹೇಳುತ್ತ ಬಂದಿದೆ. ಗೊತ್ತಿಲ್ಲದ ವಿಷಯದ ಬಗ್ಗೆ ಮಾತಾಡುವ ಸ್ವಾತಂತ್ರ್ಯ ಇದ್ದರೆ ಗುಲ್ಲೆಬ್ಬಿಸಬಹುದು, ಲೆಕ್ಕ ಕೇಳಲಾಗದು. 1990ರ ದಶಕದಲ್ಲಿ ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಬರಗಾಲದ ಕಾಮಗಾರಿಗಳ ಹಾಜರಿ ಪಟ್ಟಿ ಮತ್ತು ಬಿಲ್ಲುಗಳನ್ನು ಊರವರ ಮುಂದೆ ಗಟ್ಟಿಯಾಗಿ ಓದಿಸುತ್ತಿತ್ತು. ಅವರು ಕೇಳಿದ್ದು ಅಧಿಕಾರಿಯ ಉತ್ತರವನ್ನಲ್ಲ, ಕಾಗದದ ನಕಲನ್ನು. ಈ ವ್ಯತ್ಯಾಸ ತಿಳಿದವರಿಗೆ ಈ ಸೇವೆ ಒಲಿಯುತ್ತದೆ, ತಿಳಿಯದವರು ಬರಿಗೈಯಲ್ಲಿ ಮರಳುತ್ತಾರೆ.

ದರದ ಬಗ್ಗೆ ದೂರಲು ಏನೂ ಇಲ್ಲ. ಕೇಂದ್ರದ 2012ರ ನಿಯಮಗಳಲ್ಲಿ ಅರ್ಜಿಗೆ 10 ರೂಪಾಯಿ, ನಕಲಿಗೆ ಪುಟಕ್ಕೆ 2 ರೂಪಾಯಿ. ಕಡತ ಪರಿಶೀಲನೆಗೆ ಮೊದಲ ಗಂಟೆ ಉಚಿತ, ನಂತರ ಪ್ರತಿ ಗಂಟೆಗೆ ಅಥವಾ ಅದರ ಭಾಗಕ್ಕೆ 5 ರೂಪಾಯಿ. ಬಡತನ ರೇಖೆಗಿಂತ ಕೆಳಗಿರುವವರು ಪ್ರಮಾಣಪತ್ರದ ನಕಲು ಲಗತ್ತಿಸಿದರೆ ಅದೂ ಇಲ್ಲ. ಕರ್ನಾಟಕದಲ್ಲೂ ಅರ್ಜಿ ಶುಲ್ಕ 10 ರೂಪಾಯಿಯೇ. ಆದರೆ ಹಣ ಕಟ್ಟುವ ರೀತಿಯಲ್ಲಿ ಎಡವುವವರು ಬಹಳ. ಅಂಚೆಯಲ್ಲಿ ಕಳಿಸುವಾಗ ಪೋಸ್ಟಲ್ ಆರ್ಡರ್ ಸುಲಭ. ಕೇಂದ್ರದ ಕಚೇರಿಯಾದರೆ ಅದನ್ನು ಆ ಕಚೇರಿಯ ‘ಅಕೌಂಟ್ಸ್ ಆಫೀಸರ್’ ಹೆಸರಿಗೆ ಬರೆಯಬೇಕು. ಹೆಸರಿನ ಜಾಗ ಖಾಲಿ ಬಿಟ್ಟರೆ ಅರ್ಜಿ ಮರಳಿಸಲು ಅಷ್ಟೇ ನೆಪ ಸಾಕು. ಪೋಸ್ಟಲ್ ಆರ್ಡರಿನ ಸಂಖ್ಯೆಯನ್ನು ಅರ್ಜಿಯಲ್ಲೇ ನಮೂದಿಸಿ, ಎರಡರ ಫೋಟೊ ತೆಗೆದಿಟ್ಟುಕೊಳ್ಳಿ.

ಆನ್‌ಲೈನ್ ವ್ಯವಸ್ಥೆ ಅರ್ಧ ಮಟ್ಟಿಗೆ ಚೆನ್ನಾಗಿದೆ. ಕೇಂದ್ರದ ಪೋರ್ಟಲ್‌ನಲ್ಲಿ ಇಲಾಖೆ ಆರಿಸಿ, ಅರ್ಜಿ ಬರೆದು, ಕಾರ್ಡ್ ಅಥವಾ ನೆಟ್ ಬ್ಯಾಂಕಿಂಗ್ ಮೂಲಕ ಹಣ ಕಟ್ಟಿದರೆ ನೋಂದಣಿ ಸಂಖ್ಯೆ ಬರುತ್ತದೆ. ಆ ಸಂಖ್ಯೆಯೇ ಮುಂದಿನ ಮೇಲ್ಮನವಿಯ ಕೀಲಿ. ಅರ್ಜಿಯ ಚೌಕದಲ್ಲಿ 3000 ಅಕ್ಷರಗಳ ಮಿತಿಯಿದೆ. ಅದಕ್ಕಿಂತ ಉದ್ದವಾದರೆ ಪಿಡಿಎಫ್ ಲಗತ್ತಿಸಬೇಕು. ಆಧಾರ್, ಪ್ಯಾನ್ ಲಗತ್ತಿಸಬೇಡಿ ಎಂದು ಪೋರ್ಟಲ್ ತಾನೇ ಹೇಳುತ್ತದೆ. ಕೇಳದೆಯೇ ಗುರುತಿನ ಚೀಟಿ ಸೇರಿಸುವ ಅಭ್ಯಾಸ ನಮ್ಮಲ್ಲಿ ಅಷ್ಟು ಬೇರೂರಿದೆ! ದೊಡ್ಡ ಹಳ್ಳ ಇನ್ನೊಂದಿದೆ. ಈ ಪೋರ್ಟಲ್ ಕೇಂದ್ರ ಸರ್ಕಾರದ ಸಂಸ್ಥೆಗಳಿಗೆ ಮಾತ್ರ. ತಹಶೀಲ್ದಾರ್ ಕಚೇರಿಗೋ ಪಾಲಿಕೆಗೋ ಸಂಬಂಧಿಸಿದ ಪ್ರಶ್ನೆಯನ್ನು ಇಲ್ಲಿ ಹಾಕಿದರೆ ಅರ್ಜಿ ವಾಪಸ್ ಬರುತ್ತದೆ, ಹಣ ಬರುವುದಿಲ್ಲ. ರಾಜ್ಯದ ಕಚೇರಿಗಳಿಗೆ ಕರ್ನಾಟಕದ ಪ್ರತ್ಯೇಕ ಪೋರ್ಟಲ್ ಇದೆ.

ಕಾಗದದ ಮೇಲೆ ಬರೆಯುವವರಿಗೆ ಕರ್ನಾಟಕದ ನಿಯಮಗಳಲ್ಲಿ ‘ನಮೂನೆ ಎ’ ಇದೆ. ಜೊತೆಗೆ ಒಂದು ಬಿಗಿ ಷರತ್ತೂ ಇದೆ: ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದಗಳ ಒಳಗೆ. ಕೇಂದ್ರದಲ್ಲಿ ಈ ಮಿತಿ 500 ಪದ, ಮತ್ತು ಉದ್ದವಾಯಿತು ಎಂಬ ಒಂದೇ ಕಾರಣಕ್ಕೆ ತಿರಸ್ಕರಿಸುವಂತಿಲ್ಲ. ರಾಜ್ಯದ ಷರತ್ತು ಅರ್ಜಿದಾರನಿಗೆ ಕಿರಿಕಿರಿಯೇ, ಒಂದು ರಸ್ತೆಯ ಬಗ್ಗೆ ಕೇಳಲು ಮೂರು ಅರ್ಜಿ ಹಾಕಬೇಕಾಗಬಹುದು. ಆದರೂ 150 ಪದದ ಬೇಲಿ ಒಂದು ಒಳ್ಳೆಯದನ್ನೂ ಮಾಡುತ್ತದೆ: ಪೀಠಿಕೆ, ಆಕ್ರೋಶ, ಊರಿನ ರಾಜಕೀಯ ಎಲ್ಲ ಹೊರಗೆ ಉಳಿದು ದಾಖಲೆಯ ಹೆಸರು ಮಾತ್ರ ಒಳಗೆ ಬರುತ್ತದೆ.

ಇಡೀ ಸೇವೆಯ ಗೆಲುವು ಸೋಲು ತೀರ್ಮಾನವಾಗುವುದು ಅರ್ಜಿಯ ಭಾಷೆಯಲ್ಲಿ. ಕಾಯ್ದೆಯ 2(ಎಫ್) ಕಲಂ ಪ್ರಕಾರ ‘ಮಾಹಿತಿ’ ಎಂದರೆ ದಾಖಲೆ, ಟಿಪ್ಪಣಿ, ಆದೇಶ, ಒಪ್ಪಂದ, ಮಾದರಿ ಇತ್ಯಾದಿ ಯಾವುದೋ ರೂಪದಲ್ಲಿ ಈಗಾಗಲೇ ಇರುವ ವಸ್ತು. ಇಲ್ಲದ ಮಾಹಿತಿಯನ್ನು ಹೊಸದಾಗಿ ಸೃಷ್ಟಿಸಿ ಕೊಡುವ, ಅಭಿಪ್ರಾಯ ಹೇಳುವ ಹೊಣೆ ಅಧಿಕಾರಿಗಿಲ್ಲ ಎಂದು ಸುಪ್ರೀಂ ಕೋರ್ಟ್ 2011ರ ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ‘ನಮ್ಮ ಬೀದಿಯ ಚರಂಡಿ ಕಾಮಗಾರಿ ಯಾಕೆ ಕಳಪೆಯಾಗಿದೆ?’ ಎಂಬ ಪ್ರಶ್ನೆಗೆ ‘ಇದು ಮಾಹಿತಿಯ ವ್ಯಾಖ್ಯೆಗೆ ಬರುವುದಿಲ್ಲ’ ಎಂಬ ಒಂದು ಸಾಲಿನ ಉತ್ತರ ಖಚಿತ. ಅದನ್ನೇ ಹೀಗೆ ಕೇಳಿ: ‘ಇಂಥ ಬೀದಿಯಲ್ಲಿ ಇಂಥ ಆರ್ಥಿಕ ವರ್ಷದಲ್ಲಿ ನಡೆದ ಚರಂಡಿ ಕಾಮಗಾರಿಯ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಸಂಬಂಧಿತ ಪುಟಗಳು, ಪಾವತಿಸಿದ ಬಿಲ್ಲುಗಳು ಮತ್ತು ಗುಣಮಟ್ಟ ಪರೀಕ್ಷಾ ವರದಿ, ಇವುಗಳ ದೃಢೀಕರಿಸಿದ ಪ್ರತಿಗಳು.’ ಈಗ ಅಧಿಕಾರಿಯ ಮುಂದೆ ಕೆಲವೇ ದಾರಿಗಳಿವೆ: ಕೊಡಬೇಕು, ಇಲ್ಲವೆಂದು ಬರೆದುಕೊಡಬೇಕು, ಅಥವಾ ಯಾವ ಕಲಂ ಅಡಿಯಲ್ಲಿ ನಿರಾಕರಿಸುತ್ತೇನೆಂದು ಹೇಳಬೇಕು. ‘ಪರೀಕ್ಷಾ ವರದಿ ಲಭ್ಯವಿಲ್ಲ’ ಎಂಬ ಸಹಿ ಹಾಕಿದ ಸಾಲು ಎಷ್ಟೋ ಬಾರಿ ವರದಿಗಿಂತ ಹೆಚ್ಚು ಬೆಲೆಬಾಳುತ್ತದೆ.

ಕಾಲಾವಧಿ ಸೇರಿಸಲು ಮರೆಯಬೇಡಿ. ‘ಇಲ್ಲಿಯವರೆಗಿನ ಎಲ್ಲ ದಾಖಲೆ’ ಎಂದರೆ 7(9)ನೇ ಕಲಂ ಹಿಡಿದು, ಕಚೇರಿಯ ಸಂಪನ್ಮೂಲ ವಿಪರೀತ ವ್ಯಯವಾಗುತ್ತದೆ ಎನ್ನುತ್ತಾರೆ. ಆ ಕಲಂ ಮಾಹಿತಿ ಕೇಳಿದ ರೂಪವನ್ನು ಬದಲಿಸಲು ಅವಕಾಶ ಕೊಡುತ್ತದೆಯೇ ಹೊರತು ಮಾಹಿತಿಯನ್ನೇ ನಿರಾಕರಿಸಲು ಅಲ್ಲ. ಆದರೂ ಜಗಳಕ್ಕೆ ಆಸ್ಪದವೇ ಇಲ್ಲದಂತೆ ಒಂದೆರಡು ವರ್ಷಕ್ಕೆ ಕೇಳಿದರೆ ಒಳ್ಳೆಯದು.

ಈ ಸೇವೆಯಲ್ಲಿ ಜನ ಬಳಸದೇ ಬಿಟ್ಟಿರುವ ಭಾಗವೊಂದಿದೆ, ಕಡತ ಪರಿಶೀಲನೆ. 2(ಜೆ) ಕಲಂ ದಾಖಲೆ ನೋಡುವ, ಟಿಪ್ಪಣಿ ಮಾಡಿಕೊಳ್ಳುವ, ನಡೆಯುತ್ತಿರುವ ಕಾಮಗಾರಿಯನ್ನು ಪರಿಶೀಲಿಸುವ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕನ್ನೂ ಕೊಡುತ್ತದೆ. ನೂರಾರು ಪುಟದ ಕಡತಕ್ಕೆ ನಕಲು ಕೇಳಿ ದೊಡ್ಡ ಮೊತ್ತದ ನೋಟಿಸ್ ಬಂದ ಮೇಲೆ ಕೈಚೆಲ್ಲುವ ಬದಲು, ಅರ್ಜಿಯಲ್ಲೇ ‘ಮೊದಲು ಕಡತ ಪರಿಶೀಲನೆಗೆ ದಿನಾಂಕ ತಿಳಿಸಿ, ನಂತರ ಗುರುತಿಸಿದ ಪುಟಗಳ ಪ್ರತಿ ಕೊಡಿ’ ಎಂದು ಬರೆಯಿರಿ. ಹೋದಾಗ ಮೊದಲು ನೋಡಬೇಕಾದದ್ದು ಟಿಪ್ಪಣಿ ಹಾಳೆ. ಯಾರು ಯಾವ ದಿನ ಏನು ಬರೆದು ಯಾರಿಗೆ ಕಳಿಸಿದರು ಎಂಬ ಇಡೀ ನಡಿಗೆ ಅಲ್ಲಿರುತ್ತದೆ. ಪತ್ರವ್ಯವಹಾರದ ಭಾಗದಲ್ಲಿ ಸಿಗುವುದು ಅದರ ಹೊರಮುಖ ಮಾತ್ರ. ಪುಟಸಂಖ್ಯೆ ಹಾಕದ ಕಡತ ಕೊಟ್ಟರೆ ಆ ಸಂಗತಿಯನ್ನು ಬರಹದಲ್ಲಿ ದಾಖಲಿಸಿ ಸ್ವೀಕೃತಿ ಪಡೆಯಿರಿ. ಮುಂದೆ ಪುಟ ಕಾಣೆಯಾದರೆ ವಾದಿಸಲು ಅದೊಂದೇ ಆಧಾರ.

ಇನ್ನು ಗಡುವು. ಅರ್ಜಿ ತಲುಪಿದ ದಿನದಿಂದ 30 ದಿನ. ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದಾದರೆ 48 ಗಂಟೆ. ಪೊಲೀಸರು ವಶಕ್ಕೆ ಪಡೆದವರ ಕುಟುಂಬಕ್ಕೆ ಈ ಎರಡನೆಯದು ಉಪಯೋಗಕ್ಕೆ ಬರಬಹುದು, ಆದರೆ ಯಾಕೆ ತುರ್ತು ಎಂಬುದನ್ನು ಮೊದಲ ಸಾಲಿನಲ್ಲೇ ಸ್ಪಷ್ಟವಾಗಿ ತೋರಿಸಬೇಕು. ತಪ್ಪು ಕಚೇರಿಗೆ ಹೋದ ಅರ್ಜಿಯನ್ನು 5 ದಿನದೊಳಗೆ ಸರಿಯಾದ ಕಚೇರಿಗೆ ದಾಟಿಸುವುದು ಅಧಿಕಾರಿಯ ಕೆಲಸ. ‘ನಮಗೆ ಸಂಬಂಧಿಸಿಲ್ಲ’ ಎಂದು ಬರೆದು ಕೈತೊಳೆದುಕೊಳ್ಳುವಂತಿಲ್ಲ. ಹೆಚ್ಚುವರಿ ಶುಲ್ಕ ಕಟ್ಟಿ ಎಂಬ ಪತ್ರ ಹೊರಟ ದಿನದಿಂದ ನೀವು ಕಟ್ಟುವ ದಿನದವರೆಗಿನ ಅವಧಿ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೇ ಕೆಲವು ಕಚೇರಿಗಳು 29ನೇ ದಿನ ಶುಲ್ಕದ ಪತ್ರ ಹಾಕುತ್ತವೆ. ಆ ಪತ್ರದಲ್ಲಿ ಎಷ್ಟು ಪುಟ, ಯಾವ ದರ ಎಂಬ ಲೆಕ್ಕ ಇರಲೇಬೇಕು. 30 ದಿನ ಮೀರಿದ ಮೇಲೆ ಕೊಟ್ಟರೆ 7(6) ಪ್ರಕಾರ ಉಚಿತವಾಗಿ ಕೊಡಬೇಕು, ಹಣ ಕೇಳಿದರೆ ಆ ಕಲಂ ನಮೂದಿಸಿ ಮರುಪತ್ರ ಬರೆಯಿರಿ.

ಗಡುವಿನಲ್ಲಿ ಉತ್ತರ ಬರದಿದ್ದರೆ ಅದನ್ನು ನಿರಾಕರಣೆ ಎಂದೇ ಕಾನೂನು ಭಾವಿಸುತ್ತದೆ. ಅಲ್ಲಿಂದ 30 ದಿನದೊಳಗೆ ಅದೇ ಇಲಾಖೆಯ ಹಿರಿಯ ಅಧಿಕಾರಿಗೆ ಪ್ರಥಮ ಮೇಲ್ಮನವಿ. ಹೆಚ್ಚಿನವರು ಇದನ್ನು ಕಾಟಾಚಾರಕ್ಕೆ ಬರೆದು ಮುಗಿಸುತ್ತಾರೆ. ಇಡೀ ಪ್ರಕ್ರಿಯೆಯಲ್ಲಿ ಶ್ರಮಕ್ಕೆ ತಕ್ಕ ಫಲ ಕೊಡುವ ಹಂತ ಇದೇ ಎಂಬುದು ಈ ವಿಮರ್ಶೆಯ ಖಚಿತ ಅಭಿಪ್ರಾಯ. ಮೇಲ್ಮನವಿಯಲ್ಲಿ ಪ್ರತಿ ಅಂಶದ ಎದುರು ಮೂರು ಮಾತು ಬರೆದರೆ ಸಾಕು: ಏನು ಕೇಳಿದ್ದು, ಏನು ಬಂತು, ಅದು ಯಾಕೆ ಕಾನೂನಿಗೆ ಒಪ್ಪುವುದಿಲ್ಲ. ನಿರಾಕರಣೆ ಸರಿಯೆಂದು ಸಾಬೀತುಪಡಿಸುವ ಹೊಣೆ 19(5) ಪ್ರಕಾರ ಅಧಿಕಾರಿಯದು. ಕಡತದ ಒಂದು ಭಾಗ ಗೌಪ್ಯವಾದರೆ ಅಷ್ಟನ್ನು ಮಾತ್ರ ಮುಚ್ಚಿ ಉಳಿದುದನ್ನು ಕೊಡಬೇಕೆನ್ನುವುದು 10ನೇ ಕಲಂ, ಇದನ್ನು ನೆನಪಿಸಿದರೆ ಸಿಗುವ ಪುಟಗಳು ಹೆಚ್ಚುತ್ತವೆ. ತೀರ್ಮಾನಕ್ಕೆ 30 ದಿನ, ಕಾರಣ ಬರೆದಿಟ್ಟು 45 ದಿನ.

ಎರಡನೇ ಮೇಲ್ಮನವಿ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ಸೇವೆ ಸೊರಗುವುದು ಇಲ್ಲಿ. ಕೆಳಗಿನ ಪ್ರತಿ ಹಂತಕ್ಕೂ ದಿನಗಳ ಲೆಕ್ಕ ಹಾಕಿಕೊಟ್ಟ ಕಾಯ್ದೆ, ಆಯೋಗ ಇಷ್ಟು ದಿನದಲ್ಲಿ ತೀರ್ಪು ಕೊಡಬೇಕೆಂದು ಎಲ್ಲೂ ಹೇಳಿಲ್ಲ. ಆಯುಕ್ತರ ಹುದ್ದೆಗಳು ಖಾಲಿ ಬಿದ್ದಷ್ಟೂ ಸರದಿ ಬೆಳೆಯುತ್ತದೆ. 2019ರ ತಿದ್ದುಪಡಿ ಆಯುಕ್ತರ ಅಧಿಕಾರಾವಧಿ ಮತ್ತು ವೇತನ ನಿಗದಿಯನ್ನು ಕೇಂದ್ರ ಸರ್ಕಾರದ ಕೈಗೆ ಕೊಟ್ಟಿತು, ಮೊದಲು ಕಾಯ್ದೆಯಲ್ಲೇ 5 ವರ್ಷ ಎಂದಿದ್ದ ಅವಧಿ ನಿಯಮಗಳ ಮೂಲಕ 3 ವರ್ಷಕ್ಕೆ ಇಳಿಯಿತು. ಸರ್ಕಾರದ ಮುಖಕ್ಕೆ ಕನ್ನಡಿ ಹಿಡಿಯಬೇಕಾದವರ ಸಂಬಳ ಸಾರಿಗೆಯ ದಾರ ಅದೇ ಸರ್ಕಾರದ ಕೈಯಲ್ಲಿರುವುದು ಒಳ್ಳೆಯ ಆಡಳಿತದ ಲಕ್ಷಣವಲ್ಲ. ಅಧಿಕಾರಿಗೆ ದಿನಕ್ಕೆ 250ರಂತೆ ಗರಿಷ್ಠ 25,000 ರೂಪಾಯಿ ದಂಡ ಹಾಕುವ 20ನೇ ಕಲಂ ಇದೆಯಾದರೂ, ಅದನ್ನು ಬಳಸುವುದು ಆಯೋಗದ ಕೈಯಲ್ಲಿದೆ.

ಇಲ್ಲೊಂದು ತಾಂತ್ರಿಕ ತಪ್ಪು ಪದೇ ಪದೇ ಆಗುತ್ತದೆ. ಉತ್ತರ ಬಾರದ ಸಿಟ್ಟಿನಲ್ಲಿ ಜನ 18ನೇ ಕಲಂ ಅಡಿ ನೇರ ದೂರು ಹಾಕುತ್ತಾರೆ. 2011ರ ಮಣಿಪುರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದಂತೆ, ದೂರಿನಲ್ಲಿ ಆಯೋಗ ದಂಡ ವಿಧಿಸಬಹುದು, ಮಾಹಿತಿ ಕೊಡಿಸುವ ಆದೇಶ ಮಾಡಲಾಗದು. ಕಾಗದ ಬೇಕಿದ್ದರೆ 19ನೇ ಕಲಂನ ಮೇಲ್ಮನವಿಯೇ ದಾರಿ. ವರ್ಷಗಟ್ಟಲೆ ಕಾದು ವಿಚಾರಣೆಗೆ ಹೋದ ದಿನ ಈ ವ್ಯತ್ಯಾಸ ತಿಳಿದರೆ ಆಗುವ ನೋವು ದೊಡ್ಡದು.

ಈಚೆಗೆ ಬಿದ್ದಿರುವ ದೊಡ್ಡ ಪೆಟ್ಟು 8(1)(ಜೆ) ಕಲಂನದು. ಮೊದಲು ಅದರಲ್ಲಿ ಸಾರ್ವಜನಿಕ ಚಟುವಟಿಕೆಗೆ ಸಂಬಂಧವಿಲ್ಲದ, ಅಥವಾ ಖಾಸಗಿತನಕ್ಕೆ ಅನಗತ್ಯ ಧಕ್ಕೆ ತರುವ ವೈಯಕ್ತಿಕ ಮಾಹಿತಿಗೆ ಮಾತ್ರ ರಕ್ಷಣೆಯಿತ್ತು. ಸಂಸತ್ತಿಗೆ ನಿರಾಕರಿಸಲಾಗದ್ದನ್ನು ಪ್ರಜೆಗೂ ನಿರಾಕರಿಸಲಾಗದು ಎಂಬ ಸುಂದರ ಮಾತೂ ಇತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 44(3)ನೇ ಕಲಂ ಈ ಷರತ್ತುಗಳನ್ನೆಲ್ಲ ಕಿತ್ತುಹಾಕಿ, ‘ವೈಯಕ್ತಿಕ ಮಾಹಿತಿ’ ಎಂಬ ಬರಿಯ ಪದವನ್ನು ಉಳಿಸಿತು. ಫಲಾನುಭವಿಗಳ ಪಟ್ಟಿ, ಹಾಜರಿ ಪಟ್ಟಿ, ಗುತ್ತಿಗೆದಾರನ ಹೆಸರು, ಕಡತಕ್ಕೆ ಸಹಿ ಹಾಕಿದ ಅಧಿಕಾರಿಯ ಹೆಸರು, ಎಲ್ಲವನ್ನೂ ಈ ಪದದೊಳಗೆ ತುರುಕಬಹುದು. ರಾಜಸ್ಥಾನದ ಆ ಜನರು ಗಟ್ಟಿಯಾಗಿ ಓದಿಸಿದ್ದು ಇಂಥ ಹೆಸರುಗಳನ್ನೇ.

ಉಳಿದಿರುವ ಆಯುಧ 8(2)ನೇ ಕಲಂ. ಬಹಿರಂಗಪಡಿಸುವುದರಲ್ಲಿರುವ ಸಾರ್ವಜನಿಕ ಹಿತ, ಸಂರಕ್ಷಿತ ಹಿತಾಸಕ್ತಿಗೆ ಆಗುವ ಹಾನಿಗಿಂತ ಹೆಚ್ಚಿನದಾದರೆ ವಿನಾಯಿತಿ ಇದ್ದರೂ ಮಾಹಿತಿ ಕೊಡಬಹುದು ಎಂದು ಅದು ಹೇಳುತ್ತದೆ. ಹೆಸರುಗಳಿರುವ ದಾಖಲೆ ಕೇಳುವ ಅರ್ಜಿಗೆ ಕೊನೆಯಲ್ಲಿ ಎರಡು ಸಾಲು ಸೇರಿಸಿ: ಈ ಹಣ ಸಾರ್ವಜನಿಕ ಖಜಾನೆಯದು, ಪಟ್ಟಿ ಇಂಥ ಯೋಜನೆಯ ಪಾವತಿಗೆ ಆಧಾರವಾಗಿದೆ, ಆದ್ದರಿಂದ 8(2) ಅಡಿ ಪರಿಗಣಿಸಿ, ಫೋನ್, ಆಧಾರ್, ಬ್ಯಾಂಕ್ ಖಾತೆ ಸಂಖ್ಯೆಗಳನ್ನು 10ನೇ ಕಲಂ ಪ್ರಕಾರ ಮುಚ್ಚಿ ಉಳಿದುದನ್ನು ಕೊಡಿ. ಕಾರಣ ಕೇಳುವಂತಿಲ್ಲ ಎಂದ ಕಾಯ್ದೆಯಲ್ಲಿ ಈಗ ಕಾರಣವನ್ನು ನಾವೇ ಮುಂದಾಗಿ ಬರೆಯಬೇಕಾಗಿದೆ. ಹಾಗೆ ಬರೆದ ಅರ್ಜಿಯನ್ನು ತಳ್ಳಿಹಾಕುವ ಅಧಿಕಾರಿ, 8(2)ನ್ನು ಯಾಕೆ ಪರಿಗಣಿಸಲಿಲ್ಲ ಎಂಬುದನ್ನೂ ಮೇಲ್ಮನವಿಯಲ್ಲಿ ವಿವರಿಸಬೇಕಾಗುತ್ತದೆ.