ಹೆರಾಲ್ಡ್ ಕಾರಿಗೆ ಹಾಟ್ ರಾಡ್ ವೇಷ: ಕೆಲವು ಮಳೆಗಾಲ ಕಳೆದ ಮೇಲೆ

ತಗಡಿನ ಕೆಲಸಕ್ಕೆ ಐದರಲ್ಲಿ ನಾಲ್ಕು ಅಂಕ, ಪೈಂಟಿಗೆ ಒಂದೇ ಒಂದು. ನನ್ನ ಕಾರಿಗೆ ಹಾಟ್ ರಾಡ್ (ವೇಗಕ್ಕಾಗಿ ಮಾರ್ಪಡಿಸಿದ ಹಳೇ ಕಾರು) ವೇಷ ಹಾಕಿದ ಮಂಗಳೂರಿನ ಈ ಗ್ಯಾರೇಜಿನ ಬಗ್ಗೆ ಕೇಳಿದವರಿಗೆಲ್ಲ ಇಷ್ಟೇ ಹೇಳುತ್ತ ಬಂದಿದ್ದೆ, ಈಗ ವಿವರವಾಗಿ ಬರೆಯುತ್ತಿದ್ದೇನೆ.

ಗಾಡಿ ಎರಡು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್, 948 ಸಿಸಿ. 1961ರಿಂದ ಮದ್ರಾಸಿನಲ್ಲಿ ತಯಾರಾಗುತ್ತಿದ್ದ, ಇಟಲಿಯ ಮಿಚೆಲೊಟ್ಟಿ ರೂಪ ಕೊಟ್ಟ ಕಾರು. ಇದನ್ನು ಸ್ಪೋರ್ಟ್ಸ್ ಕಾರು ಎನ್ನಲಿಕ್ಕಾಗದು, ಆದರೆ ಟ್ರಯಂಫ್ ಸ್ಪಿಟ್‌ಫೈರ್ ಹುಟ್ಟಿದ್ದು ಇದರ ಚಾಸಿಯ ಮೇಲೆಯೇ. ಬಾಡಿ ಬೇರೆ, ಚಾಸಿ ಬೇರೆ. ಹೆಚ್ಚಿನ ಭಾಗಗಳು ಬೋಲ್ಟಿನ ಮೇಲೆ ನಿಂತಿವೆ. ಮಡ್‌ಗಾರ್ಡ್ ಸಮೇತ ಇಡೀ ಬಾನೆಟ್ ಮುಂದಕ್ಕೆ ಮಗುಚುತ್ತದೆ.

ಬಿಚ್ಚಿ ಮೊದಲಿನಂತೆ ಜೋಡಿಸಲಾಗದ ಯಾವ ಕೆಲಸವೂ ಬೇಡ ಎಂಬುದು ನನ್ನ ಶರತ್ತು. ಮಾರುತಿ ಜಿಪ್ಸಿಯ ಎಂಜಿನ್ ಕೂರಿಸೋಣ ಅಂತ ಗ್ಯಾರೇಜಿನವರ ಒತ್ತಾಯ. "ಎಂತ ಮಾರಾಯ್ರೆ, ಇಷ್ಟು ಖರ್ಚು ಮಾಡಿ ಅದೇ ಹಳೇ ಎಂಜಿನಾ?" ನಾನು ಒಪ್ಪಲಿಲ್ಲ. ಕಂಪನಿ ಕೊಟ್ಟ ಮೂಲ ವಿವರ ಬದಲಾಗುವಂತೆ ಗಾಡಿ ಮಾರ್ಪಡಿಸುವುದನ್ನು ತಡೆಯುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಉಂಟು, ಅದನ್ನೇ ಎತ್ತಿಹಿಡಿದ 2019ರ ಸುಪ್ರೀಂ ಕೋರ್ಟ್ ತೀರ್ಪು ಉಂಟು. ಮೇಲಾಗಿ 2021ರ ವಿಂಟೇಜ್ ನಿಯಮದಲ್ಲಿ 'ವಿಎ' ಎಂಬ ವಿಂಟೇಜ್ ನೋಂದಣಿ ನಂಬರ್ ಸಿಗುವುದು 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ಗಾಡಿಗೆ. ಚಾಸಿಗೆ ಗ್ಯಾಸ್ ಕಟ್ಟರ್ ತಾಗಿಸಿದರೆ ಆ ಆಸೆ ಬಿಡಬೇಕು.

ಹಾಗಾಗಿ ಗುಜರಿಯಿಂದ ಇನ್ನೊಂದು ಬಾನೆಟ್ ತಂದು ಅದಕ್ಕೆ ಲೂವರ್, ಅಂದರೆ ಗಾಳಿಯಾಡುವ ಸೀಳುಗಳ ಸಾಲು, ಹೊಡೆಸಿದೆವು. ಇದು ಈ ಗ್ಯಾರೇಜಿನ ನಿಜವಾದ ಕೈಚಳಕ. ಸೀಳುಗಳ ಬಾಯಿ ಎಲ್ಲ ಹಿಂದಕ್ಕೆ, ಸಾಲು ನೂಲು ಹಿಡಿದಂತೆ ನೇರ, ಅಂಚಿಗೆ ಬೆರಳಾಡಿಸಿದರೆ ಎಲ್ಲೂ ಗೀರುವುದಿಲ್ಲ. ಆದರೆ ಹಾಟ್ ರಾಡ್ ಹುಟ್ಟಿದ್ದು 1930ರ ದಶಕದ ಕ್ಯಾಲಿಫೋರ್ನಿಯಾದ ಒಣ ಕೆರೆಗಳಲ್ಲಿ. ಅಲ್ಲಿ ಮಡ್‌ಗಾರ್ಡ್ ಕಿತ್ತ ಫೋರ್ಡ್‌ಗಳನ್ನು ಓಡಿಸುತ್ತಿದ್ದವರಿಗೆ ನಮ್ಮ ಜೂನ್ ತಿಂಗಳು ಗೊತ್ತಿರಲಿಲ್ಲ. ನಿಂತ ಗಾಡಿಯ ಲೂವರ್‌ನಿಂದ ಇಳಿದ ನೀರು ಸ್ಪಾರ್ಕ್ ಪ್ಲಗ್‌ಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರ್ ಕ್ಯಾಪಿನ ಮೇಲೆಯೇ ಬಿದ್ದು, ಪಣಂಬೂರಿನ ಹತ್ತಿರ ಎಂಜಿನ್ ಮಿಸ್ ಹೊಡೆಯತೊಡಗಿತು. ಗ್ಯಾರೇಜಿನವರು ಕೆಳಗಿನಿಂದ ಅಲ್ಯುಮಿನಿಯಂ ತಟ್ಟೆ ಕೂರಿಸಿ, ನೀರು ಹೋಗಲು ಪೈಪು ಕೊಟ್ಟು, ದುಡ್ಡು ತೆಗೆದುಕೊಳ್ಳದೆ ಕಳಿಸಿದರು. ನಂತರ ಆ ಕಿರಿಕಿರಿ ಇಲ್ಲ.

ಹಿಂದಿನ ಸಸ್ಪೆನ್ಷನ್ ಹೆಚ್ಚು ತಗ್ಗಿಸಬೇಡಿ. ಹೆರಾಲ್ಡ್‌ನದ್ದು ಸ್ವಿಂಗ್ ಆಕ್ಸಲ್ (ಚಕ್ರದ ಜೊತೆ ಅರ್ಧ ಆಕ್ಸಲೇ ಮೇಲೆ ಕೆಳಗೆ ತೂಗುವಂಥದ್ದು), ಇಳಿಸಿದಷ್ಟೂ ಚಕ್ರದ ತಲೆ ಒಳಕ್ಕೆ ವಾಲುತ್ತದೆ, ಟಯರಿನ ಒಳಬದಿ ಬೇಗ ಸವೆಯುತ್ತದೆ. ಅಗಲ ಟಯರ್ ಹಾಕಿದರೆ ಸ್ಟಿಯರಿಂಗ್ ಪೂರ್ತಿ ತಿರುಗಿಸುವಾಗ ಮುಂದೆಯೂ ಉಜ್ಜುತ್ತದೆ. ಸಣ್ಣ ಗಲ್ಲಿಯಲ್ಲೂ ಒಂದೇ ಸಲಕ್ಕೆ ತಿರುಗುವ ಗಾಡಿಯಲ್ಲಿ ಆ ಸುಖ ಕಳಕೊಳ್ಳುವುದು ಯಾಕೆ?

ಇನ್ನು ಪೈಂಟು. ಕೆಂಪಿನ ಮೇಲೆ ಹಳದಿ ಜ್ವಾಲೆ ಬರೆದದ್ದು ಚಂದವೇ, ಪಕ್ಕದ ಮನೆಯ ಹುಡುಗ ಅದಕ್ಕೆ ಪಿಲಿವೇಷದ (ಹುಲಿವೇಷದ) ಕಾರು ಅಂತ ಹೆಸರಿಟ್ಟಿದ್ದಾನೆ. ಆರ್‌ಸಿಯಲ್ಲೂ ಬಣ್ಣ ಬದಲಿಸಿಕೊಂಡಿದ್ದೇನೆ. ಆದರೆ ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಬಾಗಿಲ ಕೆಳಗಿನ ಪಟ್ಟಿಯಲ್ಲಿ ಗುಳ್ಳೆ ಎದ್ದಿತು. ಬಟ್ಟೆ ಸುತ್ತಿದ ಅಯಸ್ಕಾಂತ ಹಿಡಿದರೆ ಅಂಟಲೇ ಇಲ್ಲ. ಕೆರೆದು ನೋಡಿದರೆ ತುಕ್ಕು ಹಾಗೆಯೇ, ಮೇಲೆ ಬೆರಳು ದಪ್ಪ ಪುಟ್ಟಿ! ಉಪ್ಪುಗಾಳಿಯ ಊರಲ್ಲಿ ತುಕ್ಕು ಕತ್ತರಿಸಿ ಹೊಸ ತಗಡು ಬೆಸೆಯದೆ ಪುಟ್ಟಿ ಮೆತ್ತುವುದು ಸೋಮಾರಿತನವಲ್ಲ, ಮೋಸ. ಕೇಳಿದ್ದಕ್ಕೆ "ಕರಾವಳಿಯಲ್ಲಿ ಹಾಗೆಯೇ ಸರ್" ಎಂಬ ಉತ್ತರ. ಉಡುಪಿಯಲ್ಲಿ ಬೇರೊಬ್ಬರಿಂದ ಪಟ್ಟಿ ಹೊಸದಾಗಿ ಹಾಕಿಸಿದೆ, ಅದು ಈವರೆಗೆ ಗಟ್ಟಿಯಾಗಿದೆ.

ಒಂದು ಒಳ್ಳೆಯ ಬಾನೆಟ್ ಹುಡುಕಿಕೊಂಡು ಲೂವರಿಗೆ ಇವರಲ್ಲಿಗೇ ಹೋಗಿ. ಪೈಂಟಿಗೆ ಬಿಡುವ ಮೊದಲು, ಬರೀ ತಗಡು ಕಾಣುವಾಗಲೇ, ಅಯಸ್ಕಾಂತ ಹಿಡಿದು ಒಂದು ಸುತ್ತು ಬನ್ನಿ.